ದೀಪವಿಲ್ಲದ ಊರಿನ ಮುಂದಿನ ಕಥೆ: ಪ್ರಳಯೋತ್ತರ ಧಾರಾವಾಹಿಯನ್ನು ಸವಿಯುವ ಬಗೆ

ನಮ್ಮ ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತೊಂದು ಬರುತ್ತದೆ. ಹೆಸರಿದ್ದು, ಸರ್ವೆ ನಂಬರುಗಳಿದ್ದು, ಎಲ್ಲೆಯ ಗುರುತುಗಳಿದ್ದೂ ಜನವಸತಿಯಿಲ್ಲದ ಊರನ್ನು ಹಾಗೆ ಕರೆಯುತ್ತಾರೆ. ಪಾರಸಿಯಿಂದ ಬಂದ ಈ ಪದದಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಅಂದರೆ ಬೇಚರಾಕ್ ಎಂಬುದು ದೀಪ ಹಚ್ಚುವವರಿಲ್ಲದ ಊರು. ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಹೊಲಗಳ ನಡುವೆ ಒಂದು ಮುರುಕು ಗುಡಿ, ಹೂಳು ತುಂಬಿದ ಬಾವಿ, ಯಾರೂ ನೆಟ್ಟಂತಿಲ್ಲದ ಹುಣಸೆಮರ ಕಂಡರೆ ಹಿರಿಯರು ‘ಅದು ಹಾಳೂರು’ ಎಂದಷ್ಟೇ ಹೇಳಿ ಮುಂದೆ ನಡೆಯುತ್ತಾರೆ. ಬರ ಬಂದು ಹೋದರೋ, ಪ್ಲೇಗಿಗೆ ಅಂಜಿ ಬಿಟ್ಟರೋ, ದಂಡು ನುಗ್ಗಿ ಚದುರಿದರೋ ಎಂಬುದು ಎಷ್ಟೋ ಕಡೆ ನೆನಪಿನಿಂದ ಅಳಿಸಿಹೋಗಿದೆ.

ಇಡೀ ಲೋಕವೇ ಹೀಗೆ ಬೇಚರಾಕ್ ಆದ ಮೇಲೆ ಉಳಿದ ನಾಲ್ಕು ಜನ ಹೇಗೆ ಬದುಕಿದರು ಎಂದು ಹೇಳುವ ಟಿವಿ ಧಾರಾವಾಹಿಗಳ ಒಂದು ದೊಡ್ಡ ಪ್ರಕಾರವೇ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಅದನ್ನು ಪ್ರಳಯೋತ್ತರ ಕಥನ ಎನ್ನಬಹುದು. ಕಳೆದ ಬೇಸಿಗೆಯ ರಜೆಗೆ ದಾವಣಗೆರೆಯಿಂದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳು, ನಾನು ಅಂಥದೊಂದು ಧಾರಾವಾಹಿಯನ್ನು ಎರಡನೆಯ ಸಲ ನೋಡುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತು, “ಎಲ್ಲರೂ ಸತ್ತ ಮ್ಯಾಲೆ ನೋಡಾಕ ಇನ್ನೇನೈತಿ ಮಾಮ?” ಎಂದು ಕೇಳಿದಳು. ಬಹಳ ನ್ಯಾಯವಾದ ಪ್ರಶ್ನೆ. ಸಾವು, ಹಸಿವು, ಹಾಳುಬಿದ್ದ ನಗರಗಳನ್ನು ತೋರಿಸುವ ಕಥೆಯನ್ನು ಮನುಷ್ಯರು ಇಷ್ಟಪಟ್ಟು ನೋಡುವುದು ಏಕೆ, ಅದರಲ್ಲಿ ಸಿಗುವ ಸಂತೋಷ ಯಾವ ಬಗೆಯದು, ಮೊದಲ ಸಲ ನೋಡುವವರು ಯಾವುದರ ಮೇಲೆ ಕಣ್ಣಿಡಬೇಕು ಎಂಬುದನ್ನು ಆ ದಿನ ಅವಳಿಗೆ ಅರ್ಧ ಮಾತ್ರ ಹೇಳಲು ಸಾಧ್ಯವಾಯಿತು. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಪ್ರಳಯದ ಕಥೆಯೇ ಬೇರೆ, ಪ್ರಳಯೋತ್ತರ ಕಥೆಯೇ ಬೇರೆ. ಉಲ್ಕೆ ಬೀಳುವ, ಸಮುದ್ರ ಉಕ್ಕುವ ಚಿತ್ರಗಳಲ್ಲಿ ಆ ಘಟನೆಯೇ ಕಥೆಯ ತುದಿ. ಅದು ತಪ್ಪುತ್ತದೆಯೋ ಇಲ್ಲವೋ ಎಂಬ ಆತಂಕವೇ ನಮ್ಮನ್ನು ಕೂರಿಸುತ್ತದೆ. ಪ್ರಳಯೋತ್ತರ ಧಾರಾವಾಹಿಯಲ್ಲಿ ಆಗಬಾರದ್ದು ಮೊದಲ ಕಂತಿನಲ್ಲೇ, ಕೆಲವೊಮ್ಮೆ ಕಥೆ ಶುರುವಾಗುವ ಮೊದಲೇ ಆಗಿಹೋಗಿರುತ್ತದೆ. ನಮ್ಮ ನಾಡಿನಲ್ಲಿ ಮುಂದೆ ಬರುವುದನ್ನು ನುಡಿಯುವ ಪರಂಪರೆ ಬಲವಾದದ್ದು. ಮೈಲಾರದ ಕಾರ್ಣಿಕದ ಒಂದು ಸಾಲಿಗಾಗಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ಕಾಲಜ್ಞಾನದ ವಚನಗಳನ್ನು ಇಂದಿಗೂ ಹಾಡುತ್ತಾರೆ. ಅವೆಲ್ಲ ಪ್ರಳಯದ ಈಚೆ ದಡದಲ್ಲಿ ನಿಂತು ಆಡಿದ ಮಾತುಗಳು. ಆದರೆ ಮನುವಿನ ದೋಣಿಯ ಕಥೆಯನ್ನು ನೆನೆಯಿರಿ. ಮೀನು ಎಚ್ಚರಿಸಿದಾಗ ಅವನು ಸಪ್ತರ್ಷಿಗಳ ಜೊತೆಗೆ ದೋಣಿಗೆ ಏರಿಸಿಕೊಂಡದ್ದು ಬೀಜಗಳನ್ನು. ಆಚೆ ದಡದಲ್ಲಿ ಬಿತ್ತಲು ಏನಾದರೂ ಬೇಕಲ್ಲ ಎಂಬ ಆ ಯೋಚನೆ ಹುಟ್ಟಿದ ಗಳಿಗೆಯಲ್ಲೇ ಪ್ರಳಯೋತ್ತರ ಕಥೆಯೂ ಹುಟ್ಟಿದೆ ಎಂದು ನನಗೆ ಅನಿಸುತ್ತದೆ.

ನಾನು ಅಂದು ನೋಡುತ್ತಿದ್ದದ್ದು ‘ಸ್ಟೇಷನ್ ಇಲೆವೆನ್’ ಎಂಬ ಅಮೆರಿಕದ ಧಾರಾವಾಹಿ. ಕೆನಡಾದ ಲೇಖಕಿ ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್ ಅವರ 2014ರ ಕಾದಂಬರಿ ಅದರ ಮೂಲ. ಪ್ಯಾಟ್ರಿಕ್ ಸಾಮರ್‌ವಿಲ್ ಅದನ್ನು ಕಿರುತೆರೆಗೆ ತಂದರು, 2021ರ ಡಿಸೆಂಬರ್‌ನಿಂದ 2022ರ ಜನವರಿಯವರೆಗೆ ಎಚ್‌ಬಿಒ ಮ್ಯಾಕ್ಸ್‌ನಲ್ಲಿ 10 ಕಂತುಗಳಾಗಿ ಬಂತು. ಒಂದು ಜ್ವರ ಕೆಲವೇ ದಿನಗಳಲ್ಲಿ ಲೋಕದ ಬಹುಪಾಲು ಜನರನ್ನು ಕೊಂಡೊಯ್ಯುವ ಈ ಕಥೆಯ ಚಿತ್ರೀಕರಣ 2020ರ ಆರಂಭದಲ್ಲಿ ಷಿಕಾಗೋದಲ್ಲಿ ಶುರುವಾಗಿ, ನಿಜವಾದ ಸಾಂಕ್ರಾಮಿಕವೇ ಬಂದು ನಿಂತಿತು. ಮರುವರ್ಷ ಕೆನಡಾದ ಒಂಟಾರಿಯೊದಲ್ಲಿ ಮುಂದುವರಿಯಿತು. ನಡುವಿನ ಆ ತಿಂಗಳುಗಳಲ್ಲಿ ನಟರೂ ತಂತ್ರಜ್ಞರೂ ನಮ್ಮ ಹಾಗೆಯೇ ಬಾಗಿಲು ಹಾಕಿಕೊಂಡು ಕುಳಿತಿದ್ದರು ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ ಕೆಲವು ದೃಶ್ಯಗಳ ತೂಕವೇ ಬದಲಾಗುತ್ತದೆ.

ಕಥೆ ತೆರೆದುಕೊಳ್ಳುವುದು ಷಿಕಾಗೋದ ಒಂದು ರಂಗಮಂದಿರದಲ್ಲಿ. ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಡೆಯುತ್ತಿರುವಾಗ ಲಿಯರನ ಪಾತ್ರಧಾರಿ ವೇದಿಕೆಯ ಮೇಲೆಯೇ ಕುಸಿದು ಸಾಯುತ್ತಾನೆ. ಪ್ರೇಕ್ಷಕರ ನಡುವಿನಿಂದ ಎದ್ದು ಓಡುವ ಜೀವನ್ ಚೌಧರಿ ಎಂಬ ಯುವಕ ಅವನನ್ನು ಉಳಿಸಲಾರ. ಆದರೆ ಗಲಿಬಿಲಿಯಲ್ಲಿ ಎಲ್ಲರೂ ಮರೆತುಬಿಟ್ಟ ಒಬ್ಬ ಬಾಲನಟಿ, ಕರ್ಸ್ಟನ್, ಅವನ ಪಾಲಿಗೆ ಬರುತ್ತಾಳೆ. ಆಸ್ಪತ್ರೆಯಲ್ಲಿ ವೈದ್ಯೆಯಾಗಿರುವ ಅಕ್ಕ ಫೋನು ಮಾಡಿ ಮನೆ ಸೇರಿ ಬಾಗಿಲು ಹಾಕಿಕೋ ಎನ್ನುತ್ತಾಳೆ. ಅವನು ಆ ಹುಡುಗಿಯೊಂದಿಗೆ ಅಂಗಡಿಗೆ ನುಗ್ಗಿ, ಕೈಗೆ ಸಿಕ್ಕ ದಿನಸಿಯನ್ನೆಲ್ಲ ತಳ್ಳುಗಾಡಿಗಳಲ್ಲಿ ತುಂಬಿಕೊಂಡು, ಹಿಮ ಬೀಳುವ ರಾತ್ರಿಯಲ್ಲಿ ಅವನ್ನು ನೂಕಿಕೊಂಡು ಅಣ್ಣನ ಬಹುಮಹಡಿ ಮನೆಯತ್ತ ಹೊರಡುತ್ತಾನೆ. ಲೋಕ ಮುಳುಗುವ ದೃಶ್ಯವನ್ನು ಕಟ್ಟಲು ಆ ನಿರ್ದೇಶಕನಿಗೆ ಸ್ಫೋಟ ಬೇಕಾಗಲಿಲ್ಲ. ಗುರುತಿಲ್ಲದ ಇಬ್ಬರು, ಹಿಮದಲ್ಲಿ ಹೂತುಕೊಳ್ಳುವ ಸಣ್ಣ ಗಾಲಿಗಳು, ಮನೆಗೆ ಹೋಗಬೇಕು ಎನ್ನುವ ಮಗು. ಇಷ್ಟೇ ಸಾಕಾಯಿತು.

ಅಲ್ಲಿಂದ ಕಥೆ ಒಮ್ಮೆಲೇ 20 ವರ್ಷ ಹಾರುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಈ ಪ್ರಕಾರಕ್ಕೆ ಹೊಸಬರಾದವರು ಎಡವುವುದು ಇಲ್ಲೇ. ಕಾಲದ ಈ ಜಿಗಿತ ಇಂಥ ಕಥೆಗಳ ಮುಖ್ಯ ಉಪಕರಣ, ಮತ್ತು ಅದನ್ನು ಓದುವ ಕೀಲಿ ಮಾತುಗಳಲ್ಲಿರುವುದಕ್ಕಿಂತ ವಸ್ತುಗಳಲ್ಲಿರುತ್ತದೆ. ಎಂಜಿನ್ ಕಿತ್ತುಹಾಕಿದ ಪಿಕಪ್ ವಾಹನವನ್ನು ಕುದುರೆಗಳು ಎಳೆಯುತ್ತಿದ್ದರೆ ಅದು ಬಹಳ ವರ್ಷಗಳ ನಂತರದ ಮಾತು ಎಂದು ತಿಳಿಯಬೇಕು. ಯಾರೋ ಫೋನಿನ ಪರದೆಯನ್ನು ಇನ್ನೂ ಆಸೆಯಿಂದ ಸವರುತ್ತಿದ್ದರೆ ಅವು ಮೊದಲ ದಿನಗಳು. ನಮ್ಮ ಊರು ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನೆಲ ಅಗೆಸಿದಾಗ, ಯಾವ ಪದರದಲ್ಲಿ ಯಾವ ಮಡಕೆಚೂರು, ಯಾವ ನಾಣ್ಯ ಸಿಕ್ಕಿತು ಎಂಬುದರ ಮೇಲೆ ಅಲ್ಲಿಯ ಬದುಕಿನ ಕಾಲವನ್ನು ಕಟ್ಟಿದರು. ಪ್ರಳಯೋತ್ತರ ಧಾರಾವಾಹಿ ತನ್ನ ಪ್ರೇಕ್ಷಕನಿಂದ ಬೇಡುವುದು ಅದೇ ಕಣ್ಣನ್ನು. ಪದರಗಳನ್ನು ನೀವೇ ಬಿಡಿಸಿಕೊಳ್ಳುವುದರಲ್ಲಿ ಅದರ ಮೊದಲ ಸುಖವಿದೆ, ಹಾಗಾಗಿ ಇಂಥವನ್ನು ಅಡುಗೆ ಮಾಡುತ್ತ, ಫೋನು ನೋಡುತ್ತ ಹಿನ್ನೆಲೆಯಲ್ಲಿ ಹಾಕಿಕೊಂಡರೆ ಏನೂ ದಕ್ಕುವುದಿಲ್ಲ.

ಎರಡನೆಯ ಸುಖ, ನನ್ನ ಮಟ್ಟಿಗೆ ದೊಡ್ಡದು, ನಮ್ಮ ದಿನನಿತ್ಯದ ಬದುಕು ಯಾವ ಯಾವ ಕಣ್ಣಿಗೆ ಕಾಣದ ಆಸರೆಗಳ ಮೇಲೆ ನಿಂತಿದೆ ಎಂಬುದನ್ನು ಬಿಡಿಬಿಡಿಯಾಗಿ ನೋಡುವುದು. ಆ ದಿನ ಮೂರನೆಯ ಕಂತು ನಡೆಯುತ್ತಿದ್ದಾಗ ಕರೆಂಟು ಹೋಯಿತು. ಕತ್ತಲಲ್ಲಿ ಕೂತು ಮಾತಾಡುತ್ತ ನಾನು ಹುಡುಗಿಗೆ ಕೇಳಿದೆ: ವಿದ್ಯುತ್ ಕೇಂದ್ರಗಳಲ್ಲಿ ಕೆಲಸ ಮಾಡುವವರೆಲ್ಲ ನಾಳೆಯಿಂದ ಬರದೇ ಹೋದರೆ ಈ ದೀಪ ಮತ್ತೆ ಬರುತ್ತದೆಯೇ? ಅವಳು ಕಿಟಕಿಯಾಚೆಗೆ ಕೈ ತೋರಿಸಿ, ಜೋಗಿಮಟ್ಟಿ ಕಡೆಯ ಗುಡ್ಡಸಾಲುಗಳ ಮೇಲೆ ಅಷ್ಟೊಂದು ಗಾಳಿಯಂತ್ರಗಳು ತಿರುಗುತ್ತಿವೆಯಲ್ಲ, ಅವಕ್ಕೆ ಯಾರು ಬೇಕು ಎಂದಳು.

ಅವಳ ಊಹೆ ಸಹಜವಾದದ್ದು, ಆದರೆ ನಿಜ ಬೇರೆ ಇದೆ. ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಕಷ್ಟ. ಪ್ರತಿ ಕ್ಷಣ ಎಷ್ಟು ಖರ್ಚಾಗುತ್ತದೆಯೋ ಅಷ್ಟನ್ನೇ ಆ ಕ್ಷಣದಲ್ಲಿ ಉತ್ಪಾದಿಸಬೇಕು. ಕೇಂದ್ರಗಳನ್ನೂ ಊರುಗಳನ್ನೂ ಬೆಸೆಯುವ ತಂತಿಜಾಲವಾದ ಗ್ರಿಡ್‌ಗೆ ಸೇರಿದ ಯಂತ್ರಗಳೆಲ್ಲ ಒಂದೇ ಲಯದಲ್ಲಿ, ಸೆಕೆಂಡಿಗೆ 50 ಆವರ್ತನದ ತಾಳಕ್ಕೆ ತಿರುಗಬೇಕು. ತಾಳ ತಪ್ಪಿದರೆ ಒಂದೊಂದೇ ಕೇಂದ್ರ ತನ್ನನ್ನು ತಾನು ಕಾಪಾಡಿಕೊಳ್ಳಲು ಕಳಚಿಕೊಳ್ಳುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ಹೆಚ್ಚಿನವು ಗ್ರಿಡ್‌ನಲ್ಲಿ ಈಗಾಗಲೇ ಹರಿಯುತ್ತಿರುವ ವಿದ್ಯುತ್ತಿನ ತಾಳವನ್ನು ಹಿಡಿದೇ ತಮ್ಮ ವಿದ್ಯುತ್ತನ್ನು ಸೇರಿಸುವಂಥವು. ಗ್ರಿಡ್ ಸತ್ತರೆ, ಎಂಥ ಗಾಳಿ ಬೀಸಿದರೂ ಅವು ನಮ್ಮ ಮನೆಯ ಒಂದು ಬಲ್ಬನ್ನೂ ಬೆಳಗಿಸಲಾರವು. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದಲ್ಲಿ ತಾಳ ತಪ್ಪಿದಾಗ 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಉಳಿದರು. ನಮಗೆ ಆಗ ಏನೂ ಆಗದಿದ್ದಕ್ಕೆ ಕಾರಣ, ದಕ್ಷಿಣದ ಗ್ರಿಡ್ ಅಂದಿಗೆ ಬೇರೆಯೇ ತಾಳದಲ್ಲಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ಅದು ಉಳಿದ ದೇಶದೊಂದಿಗೆ ಒಂದಾಯಿತು. ಈ ಸಂಗತಿ ತಿಳಿದವರಿಗೆ ಧಾರಾವಾಹಿಯಲ್ಲಿ ನಗರದ ದೀಪಗಳು ಬಡಾವಣೆ ಬಡಾವಣೆಯಾಗಿ ಆರುವ ದೃಶ್ಯ ಬರಿಯ ಅಲಂಕಾರವಾಗಿ ಕಾಣುವುದಿಲ್ಲ.

ದೀಪದ ಹಿಂದೆಯೇ ನೀರು ಹೋಗುತ್ತದೆ. ನಮ್ಮ ಸೀಮೆಯಲ್ಲಿ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನೂರಾರು ಅಡಿ ಆಳದ ಕೊಳವೆಬಾವಿಯಿಂದ ನೀರೆತ್ತುವುದು ಸಬ್‌ಮರ್ಸಿಬಲ್ ಪಂಪು. ಕರೆಂಟಿಲ್ಲದಿದ್ದರೆ ಆರಿಂಚಿನ ಆ ರಂಧ್ರದಲ್ಲಿ ಕೊಡವನ್ನೂ ಇಳಿಬಿಡಲಾಗದು. ಮರುದಿನ ಬೆಳಿಗ್ಗೆ ಅವಳನ್ನು ಕೋಟೆಗೆ ಕರೆದುಕೊಂಡು ಹೋದೆ. ಪ್ರವಾಸಿಗರು ಸಾಮಾನ್ಯವಾಗಿ ಬುರುಜು, ಬತೇರಿಗಳನ್ನು ನೋಡಿ ಇಳಿಯುತ್ತಾರೆ. ನಾವು ಆ ದಿನ ನೀರಿನ ದಾರಿಯನ್ನಷ್ಟೇ ಹಿಡಿದೆವು. ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ನಿಂತು, ಬಂಡೆಗಳ ಮೇಲೆ ಬಿದ್ದ ಮಳೆ ಹೇಗೆ ಅಲ್ಲಿಗೆ ಸೇರುತ್ತದೆ, ಅದು ತುಂಬಿದರೆ ಹೆಚ್ಚಿನ ನೀರು ಹೇಗೆ ಕೆಳಗಿನ ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಕೊನೆಗೆ ಪೇಟೆಯೊಳಗಿನ ಸಂತೆಹೊಂಡದವರೆಗೆ ಹೇಗೆ ಬರುತ್ತದೆ ಎಂದು ನೋಡಿದೆವು. ಇಲ್ಲಿ ಪಂಪಿಲ್ಲ, ಇಳಿಜಾರೊಂದೇ ಇದೆ. 1779ರಲ್ಲಿ ಹೈದರಾಲಿ ಕೋಟೆಯನ್ನು ಹಿಡಿದು, ಮದಕರಿ ನಾಯಕನನ್ನು ಸೆರೆಯೊಯ್ದು, ಬೇಡ ಪಡೆಯ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಮೇಲೆ ಇಲ್ಲಿಯ ಒಂದು ಲೋಕ ಮುಗಿಯಿತು. ಹೊಂಡಗಳಿಗೆ ಮಾತ್ರ ಅದು ಗೊತ್ತಾಗಲಿಲ್ಲ, ಮರುವರ್ಷದ ಮಳೆಗೂ ತುಂಬಿದವು. ಓಬವ್ವನ ಕಥೆಯೂ ಒಂದು ಕೊಡ ನೀರಿನಿಂದಲೇ ಆರಂಭವಾಗುತ್ತದೆ ಎಂಬುದನ್ನು ಕಿಂಡಿಯ ಬಳಿ ಹುಡುಗಿಯೇ ನೆನಪಿಸಿದಳು. ಉಂಬ ಗಂಡನಿಗೆ ನೀರು ತರಲು ಹೋದವಳ ಕೈಗೆ ಆಯುಧವಾಗಿ ಒದಗಿದ್ದು ಭತ್ತ ಕುಟ್ಟುವ ಒನಕೆ. ಪ್ರಳಯೋತ್ತರ ಕಥೆಗಳಲ್ಲಿ ವಸ್ತುಗಳು ತಮ್ಮ ಹಳೆಯ ಕೆಲಸವನ್ನು ಬಿಟ್ಟು ಹೊಸ ಕೆಲಸಕ್ಕೆ ನಿಲ್ಲುವುದು ಹೀಗೆಯೇ.

ಅನ್ನದ ಲೆಕ್ಕವೂ ಇದೆ. ಪೆಟ್ರೋಲು ಕೂಡಿಟ್ಟರೆ ಕೆಲವು ತಿಂಗಳಲ್ಲಿ ಗುಣಗೆಡುತ್ತದೆ. ವರ್ಷಗಳ ನಂತರವೂ ಕಾರು ಓಡಿಸುವ ಪಾತ್ರಗಳನ್ನು ಕಂಡರೆ ಅಲ್ಲಿ ಬರೆದವರು ಅವಸರಪಟ್ಟಿದ್ದಾರೆ ಎಂದು ಧಾರಾಳವಾಗಿ ಹೇಳಬಹುದು. ದಾವಣಗೆರೆ ಸುತ್ತ ಎಕರೆಗಟ್ಟಲೆ ಬೆಳೆಯುವ ಮೆಕ್ಕೆಜೋಳ ಹೆಚ್ಚಾಗಿ ಹೈಬ್ರಿಡ್ ತಳಿಯದು. ಅದರ ಕಾಳನ್ನೇ ಉಳಿಸಿ ಮರುವರ್ಷ ಬಿತ್ತಿದರೆ ಪೈರು ಒಂದೇ ಸಮನಾಗಿ ಬರುವುದಿಲ್ಲ, ಇಳುವರಿ ಕುಸಿಯುತ್ತದೆ. ಬೀಜದ ಕಂಪನಿಯೇ ಇಲ್ಲದ ಲೋಕದಲ್ಲಿ ರೈತನಿಗೆ ಆಸರೆಯಾಗುವುದು ಹುಳ ಹಿಡಿಯದೆ ಹಗೇವಿನಲ್ಲಿ ವರ್ಷಗಟ್ಟಲೆ ಕಾಯುವ ನಾಟಿ ರಾಗಿ. ಯಾವ ಧಾರಾವಾಹಿಯೂ ರಾಗಿಯ ಹೆಸರೆತ್ತುವುದಿಲ್ಲ, ಆದರೆ ಉಳಿದವರ ಊಟದ ತಟ್ಟೆಯಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ‘ದಿ ಲಾಸ್ಟ್ ಆಫ್ ಅಸ್’ ಎಂಬ ಇನ್ನೊಂದು ಧಾರಾವಾಹಿಯ ಮೂರನೆಯ ಕಂತಿನಲ್ಲಿ ವರ್ಷಗಳ ನಂತರ ಇಬ್ಬರು ತಮ್ಮ ಹಿತ್ತಲಲ್ಲಿ ಬೆಳೆದ ಸ್ಟ್ರಾಬೆರಿಯನ್ನು ಕಚ್ಚುತ್ತಾರೆ. ಹಣ್ಣು ಬಾಯಿಗೆ ಹೋದ ಕೂಡಲೇ ಒಬ್ಬನಿಂದ ಹೊರಡುವ ಪುಟ್ಟ ನಗು, ಆ ಕಥೆಯ ಅಷ್ಟೂ ಗುಂಡಿನ ಸದ್ದುಗಳಿಗಿಂತ ಹೆಚ್ಚು ಕಾಲ ಕಿವಿಯಲ್ಲಿ ಉಳಿಯುತ್ತದೆ.

ಆ ಧಾರಾವಾಹಿಯ ಮಾತು ಬಂದದ್ದರಿಂದ ನಂಬಿಕೆಯ ಪ್ರಶ್ನೆಯನ್ನೂ ಇಲ್ಲೇ ಮುಗಿಸುತ್ತೇನೆ. ಒಳ್ಳೆಯ ಪ್ರಳಯೋತ್ತರ ಕಥೆ ಒಂದೇ ಒಂದು ಸುಳ್ಳನ್ನು ಒಪ್ಪಿಕೊಳ್ಳಿ ಎನ್ನುತ್ತದೆ. ಮಿಕ್ಕಿದ್ದೆಲ್ಲ ಅದರಿಂದ ನ್ಯಾಯವಾಗಿ ಹರಿಯಬೇಕು. 2013ರ ವಿಡಿಯೊ ಗೇಮನ್ನು ಆಧರಿಸಿ 2023ರ ಜನವರಿಯಲ್ಲಿ ಶುರುವಾದ ಆ ಕಥೆಯಲ್ಲಿ ಮನುಷ್ಯರನ್ನು ಕಾಡುವುದು ಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ. ಶಿಲೀಂಧ್ರ ಎಂದರೆ ಬೂಷ್ಟಿನ ಜಾತಿಯದು. ಚಳ್ಳಕೆರೆಯ ಶೇಂಗಾ ಬೆಳೆಗಾರರಿಗೆ ಎಲೆಚುಕ್ಕೆಯ ಟಿಕ್ಕಾ ರೋಗದ ರೂಪದಲ್ಲಿ ಅದರ ಪರಿಚಯ ಚೆನ್ನಾಗಿಯೇ ಇದೆ. ಉಷ್ಣವಲಯದ ಕಾಡುಗಳಲ್ಲಿ ಇದರ ಹತ್ತಿರದ ಬಂಧುವೊಂದು ಇರುವೆಯ ದೇಹವನ್ನು ಹೊಕ್ಕು, ಅದನ್ನು ಗಿಡ ಹತ್ತಿಸಿ, ಎಲೆಯ ನರವನ್ನು ಕಚ್ಚಿ ಹಿಡಿಯುವಂತೆ ಮಾಡಿ ಕೊಲ್ಲುತ್ತದೆ. ಸತ್ತ ಇರುವೆಯ ತಲೆಯ ಹಿಂದಿನಿಂದ ಅದರ ಕಡ್ಡಿ ಮೊಳೆತು ಬೀಜಕಣಗಳನ್ನು ಉದುರಿಸುತ್ತದೆ. ಅದು ಇರುವೆಯ ಮಿದುಳನ್ನು ಹೊಗದೆ ಸ್ನಾಯುಗಳ ಸುತ್ತ ಬಲೆ ನೇಯುತ್ತದೆ ಎಂದು 2017ರಲ್ಲಿ ವಿಜ್ಞಾನಿಗಳು ತೋರಿಸಿದರು. ಇಷ್ಟೂ ನಿಜ. ಮನುಷ್ಯನ ಮೈಯ 37 ಡಿಗ್ರಿ ಬಿಸಿಯಲ್ಲಿ ಬಹುಪಾಲು ಶಿಲೀಂಧ್ರಗಳು ಬಾಳಲಾರವು ಎಂಬುದೂ ನಿಜ. ಲೋಕ ಬಿಸಿಯಾಗುತ್ತ ಹೋದರೆ ಅವು ಆ ಬಿಸಿಗೆ ಒಗ್ಗಿಕೊಂಡಾವು ಎಂಬುದೇ ಕಥೆಗಾರರು ನಮ್ಮಿಂದ ಬೇಡುವ ಒಂದು ಸಾಲ. ಸಾಲ ಸಣ್ಣದಾದಷ್ಟೂ ಭಯ ದೊಡ್ಡದಾಗುತ್ತದೆ.

ಇನ್ನು ಅಧಿಕಾರದ ವಿಚಾರ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ನಮ್ಮ ಗಾದೆ ಈ ಪ್ರಕಾರದ ಅರ್ಧ ರಾಜಕೀಯವನ್ನು ಮೂರೇ ಪದಗಳಲ್ಲಿ ಹೇಳಿ ಮುಗಿಸಿದೆ. ಕಾನೂನು, ಪೊಲೀಸು, ತಹಶೀಲ್ದಾರರು ಯಾರೂ ಇಲ್ಲದ ಕಡೆ ಯಾರ ಮಾತು ನಡೆಯಬೇಕು? ಬಲವಿದ್ದವನದೋ, ಬಿತ್ತಲು ಬಲ್ಲವನದೋ, ಸತ್ತ ಲೋಕದ ಅರ್ಥ ತನಗೆ ಗೊತ್ತು ಎನ್ನುವ ಪ್ರವಾದಿಯದೋ? 2010ರ ಅಕ್ಟೋಬರ್‌ನಿಂದ 2022ರ ನವೆಂಬರ್‌ವರೆಗೆ 11 ಸೀಸನ್‌ಗಳಲ್ಲಿ 177 ಕಂತು ನಡೆದ ‘ದಿ ವಾಕಿಂಗ್ ಡೆಡ್’ ಹೆಚ್ಚುಕಡಿಮೆ ಈ ಒಂದೇ ಪ್ರಶ್ನೆಯನ್ನು ಊರಿಂದ ಊರಿಗೆ, ಗೌಡನಿಂದ ಗೌಡನಿಗೆ ಒಯ್ಯುತ್ತ ಹೋಯಿತು. ಅದರಲ್ಲಿ ಓಡಾಡುವ ಹೆಣಗಳು ನೆಪ ಮಾತ್ರ. ಆದರೆ ಇಲ್ಲಿ ನನಗೊಂದು ತಕರಾರಿದೆ. ಇಂಥ ಬಹಳಷ್ಟು ಕಥೆಗಳು, ವ್ಯವಸ್ಥೆ ಕುಸಿದ ಕೂಡಲೇ ಮನುಷ್ಯ ತೋಳವಾಗುತ್ತಾನೆ ಎಂದು ಪ್ರಶ್ನೆಯಿಲ್ಲದೆ ನಂಬಿಬಿಡುತ್ತವೆ. ಅಮೆರಿಕದ ಓಹಿಯೊದಲ್ಲಿ 1963ರಲ್ಲಿ ಆರಂಭವಾಗಿ ಈಗ ಡೆಲವೇರ್ ವಿಶ್ವವಿದ್ಯಾಲಯದಲ್ಲಿರುವ ವಿಪತ್ತು ಅಧ್ಯಯನ ಕೇಂದ್ರದ ಸಮಾಜವಿಜ್ಞಾನಿಗಳು ಭೂಕಂಪ, ಪ್ರವಾಹ, ಚಂಡಮಾರುತಗಳ ಬೆನ್ನಲ್ಲೇ ಹೋಗಿ ನೋಡಿದ್ದು ಬೇರೆಯದನ್ನು. ದಿಕ್ಕುಗೆಟ್ಟು ತುಳಿದಾಡುವುದು ಅಪರೂಪ; ಮೊದಲು ಓಡಿಬರುವವರು ನೆರೆಮನೆಯವರು.

ನಮ್ಮದೇ ನೆಲದ ನೆನಪು ಕುಸಿತ, ಮತ್ತೆ ಕಟ್ಟಿಕೊಂಡದ್ದು ಎರಡನ್ನೂ ಇಟ್ಟುಕೊಂಡಿದೆ. ಧಾತು, ಈಶ್ವರ ಸಂವತ್ಸರಗಳ ಮಹಾಬರ, ಅಂದರೆ 1876ರಿಂದ 1878ರವರೆಗಿನದು, ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೆಳೆದು ಹೆಚ್ಚಬೇಕಾದ ಹತ್ತು ವರ್ಷದಲ್ಲಿ 8 ಲಕ್ಷ ಕಡಿಮೆ. ಕಥೆಗಳಲ್ಲಿ ಬರುವ ಪ್ರಳಯಕ್ಕೆ ಅಳತೆಗೋಲು ಬೇಕಾದಾಗ ನಾನು ಈ ಎರಡು ಸಂಖ್ಯೆಗಳನ್ನು ನೆನೆಯುತ್ತೇನೆ. ಆಮೇಲಿನದು ಅಷ್ಟೇ ಮುಖ್ಯ: ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡವಾಗಿ 1897ರಲ್ಲಿ ಕಟ್ಟಲಾರಂಭಿಸಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ, ಬರವನ್ನು ಕಂಡ ತಲೆಮಾರು ಇನ್ನೂ ಬದುಕಿದ್ದಾಗಲೇ ಎದ್ದು ನಿಂತದ್ದು. 1933ರಲ್ಲಿ ಕೋಡಿ ಬಿದ್ದಿದ್ದ ಅದು ಮತ್ತೆ ತುಂಬಿದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ. ನೀರು ಧುಮುಕುವುದನ್ನು ನೋಡಲು ಬಂದ ಸಾವಿರಾರು ಜನರಲ್ಲಿ ನಾನೂ ಒಬ್ಬನಾಗಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಾಗಿನಕ್ಕೆ ತಂದಿದ್ದ ಬಳೆಗಳನ್ನು ಒಂದೊಂದೇ ನೀರಿಗೆ ಬಿಡುತ್ತಿದ್ದರು.

ಮನುಷ್ಯನಿಗೆ ನೀರು, ಅನ್ನ, ಆಳುವವರು ಇಷ್ಟೇ ಸಾಕೇ ಎಂದು ‘ಸ್ಟೇಷನ್ ಇಲೆವೆನ್’ ಕೇಳುತ್ತದೆ, ಮತ್ತು ನನ್ನನ್ನು ಅದಕ್ಕೆ ಕಟ್ಟಿಹಾಕಿದ್ದು ಅದು ಕೊಡುವ ಉತ್ತರ. ಜ್ವರ ಬಂದು 20 ವರ್ಷಗಳ ನಂತರ ಬೆಳೆದು ದೊಡ್ಡವಳಾದ ಕರ್ಸ್ಟನ್ ‘ಟ್ರಾವೆಲಿಂಗ್ ಸಿಂಫನಿ’ ಎಂಬ ಅಲೆಮಾರಿ ನಾಟಕ ಮಂಡಳಿಯ ಮುಖ್ಯ ನಟಿ. ನಟರೂ ವಾದ್ಯದವರೂ ಬಂಡಿಗಳ ಮೇಲೆ ಪರದೆ, ವಾದ್ಯ, ವೇಷಗಳನ್ನು ಹೇರಿಕೊಂಡು ಮಿಷಿಗನ್ ಸರೋವರದ ಸುತ್ತಲಿನ ಹಳ್ಳಿಗಳಿಗೆ ವರ್ಷಕ್ಕೊಂದು ಸುತ್ತು ಹಾಕುತ್ತಾರೆ. ಈ ಸುತ್ತಿಗೆ ಅವರು ‘ಚಕ್ರ’ ಎಂದೇ ಹೆಸರಿಟ್ಟಿದ್ದಾರೆ. ಎರಡನೆಯ ಕಂತಿನಲ್ಲಿ ಅವಳು ಹ್ಯಾಮ್ಲೆಟ್ ಆಗಿ ನಿಂತು ತಂದೆಯ ಸಾವಿನ ದುಃಖವನ್ನು ನುಡಿಯುತ್ತಿರುವಾಗ, ತೆರೆಯ ಮೇಲೆ ಚಿಕ್ಕ ಕರ್ಸ್ಟನ್ ಕಾಣಿಸಿಕೊಳ್ಳುತ್ತಾಳೆ: ತಂದೆತಾಯಿ ಶವಾಗಾರದಲ್ಲಿದ್ದಾರೆ ಎಂಬ ಸಂದೇಶವನ್ನು ಅವಳು ಒಂಟಿಯಾಗಿ ಫೋನಿನಲ್ಲಿ ಓದುತ್ತಿದ್ದಾಳೆ. ಎಂಟು ವರ್ಷದವಳು ಅಳಲಾಗದೆ ಉಳಿಸಿಕೊಂಡದ್ದನ್ನು ಇಪ್ಪತ್ತೆಂಟರವಳು ನಾಲ್ಕು ಶತಮಾನ ಹಿಂದಿನ ಮಾತುಗಳಲ್ಲಿ ಹೊರಗೆ ಹಾಕುತ್ತಾಳೆ. ನಾಟಕ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ವಿವರಣೆಯನ್ನು ನಾನು ಕಂಡಿಲ್ಲ.

ಈ ಅಲೆಮಾರಿ ಮಂಡಳಿ ನಮ್ಮ ಕಡೆಯವರಿಗೆ ಪರದೇಶದ ವಸ್ತುವಾಗಿ ಕಾಣಬೇಕಾಗಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ‘ಶಿವಸಂಚಾರ’ ತಂಡ 1997ರಿಂದ ಪ್ರತಿ ವರ್ಷ ಮೂರು ನಾಟಕಗಳನ್ನು ಕಟ್ಟಿಕೊಂಡು ನಾಡೆಲ್ಲ ತಿರುಗುತ್ತದೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ನೆಲೆಗೊಳಿಸಿದ ಆ ತಿರುಗಾಟವೂ ಒಂದು ಚಕ್ರವೇ. ಅದಕ್ಕೂ ಮೊದಲು ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಊರೂರಿಗೆ ಟೆಂಟು ಹೊತ್ತು ತಿರುಗಿ ಜನರನ್ನು ನಗಿಸಿತು, ಅಳಿಸಿತು. ಕ್ಯಾಂಪು ಬಂದಿದೆ ಎಂದರೆ ಸುತ್ತಲಿನ ಹಳ್ಳಿಗಳಿಂದ ಎತ್ತಿನಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ತಲೆಮಾರು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅಂಥವರ ಪಕ್ಕದಲ್ಲಿ ಕೂತು ಈ ಧಾರಾವಾಹಿಯನ್ನು ನೋಡಿ. ಬಂಡಿಗಳು ಊರ ಹೊರಗೆ ಬಂದು ನಿಂತಾಗ ಹಳ್ಳಿಯ ಮಕ್ಕಳು ಓಡಿಬರುವ ದೃಶ್ಯಕ್ಕೆ ಅವರಿಗೆ ಅನುವಾದ ಬೇಕಾಗುವುದಿಲ್ಲ. ನನ್ನ ತಾಯಿಗಂತೂ ಬೇಕಾಗಲಿಲ್ಲ.

ನೋಡುವ ಕ್ರಮದ ಬಗ್ಗೆ ಒಂದೆರಡು ಮಾತು. ರಾತ್ರಿಯೆಲ್ಲ ಕೂತು ಹತ್ತೂ ಕಂತುಗಳನ್ನು ಒಟ್ಟಿಗೆ ನೋಡುವುದು ಈ ಪ್ರಕಾರಕ್ಕೆ ಒಗ್ಗುವುದಿಲ್ಲ. ದಿನಕ್ಕೊಂದು ಸಾಕು, ನಡುವಿನ ಹೊತ್ತಿನಲ್ಲಿ ಅದು ಮನಸ್ಸಿನಲ್ಲಿ ಇಂಗುತ್ತದೆ. ಚಿಕ್ಕ ಮಕ್ಕಳಿಗೆ ಇವು ತಕ್ಕುವಲ್ಲ. ಕೋವಿಡ್ ಕಾಲದಲ್ಲಿ ಮನೆಯವರನ್ನು ಕಳೆದುಕೊಂಡವರು ಮೊದಲ ಕಂತಿನ ಆಸ್ಪತ್ರೆಯ ದೃಶ್ಯಗಳನ್ನು ದಾಟಿ ಹೋದರೂ ಕಥೆಗೆ ನಷ್ಟವಿಲ್ಲ. ಮೊದಲ ಎರಡು ಕಂತುಗಳ ನಂತರ, ಮುಖ್ಯ ಕಥೆಯನ್ನು ಬಿಟ್ಟು ಮಿರಾಂಡಾ ಎಂಬ ಚಿತ್ರಕಾರ್ತಿಯ ಹಿಂದೆ ಹೋಗುವ ಮೂರನೆಯ ಕಂತು ದಾರಿ ತಪ್ಪಿದಂತೆ ಕಾಣಬಹುದು, ಅದನ್ನು ಬಿಡಬೇಡಿ. ಧಾರಾವಾಹಿಯ ಹೆಸರು ಅವಳು ಚಿತ್ರ ಬಿಡಿಸಿ ಬರೆದ ಕಾಮಿಕ್ ಪುಸ್ತಕದ್ದು, ಆ ಪುಸ್ತಕ ಮುಂದೆ ಯಾರ ಯಾರ ಕೈ ಸೇರುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಐದನೆಯ ಕಂತಿನಲ್ಲಿ ಒಂದು ವಿಮಾನ ನಿಲ್ದಾಣ ಬರುತ್ತದೆ. ದಾರಿ ಬದಲಿಸಿ ಬಂದಿಳಿದ ಪ್ರಯಾಣಿಕರು ಅಲ್ಲೇ ಸಿಕ್ಕಿಕೊಂಡು, ವರ್ಷಗಳು ಕಳೆದಂತೆ ಅದನ್ನೇ ಊರು ಮಾಡಿಕೊಳ್ಳುತ್ತಾರೆ. ಕೆಲಸ ಮುಗಿಸಿದ ಫೋನು, ಲ್ಯಾಪ್‌ಟಾಪುಗಳನ್ನು ಜೋಡಿಸಿಟ್ಟು ‘ನಾಗರಿಕತೆಯ ವಸ್ತುಸಂಗ್ರಹಾಲಯ’ ಎಂದು ಹೆಸರಿಡುತ್ತಾರೆ. ಕಿಟಕಿಯ ಗಾಜಿನಾಚೆ, ದೂರದಲ್ಲಿ, ಇನ್ನೊಂದು ವಿಮಾನ ನಿಂತಿದೆ. ಅದರ ಪ್ರಯಾಣಿಕರನ್ನು ಇಳಿಸಲೇ ಇಲ್ಲ. ಅದು ಯಾಕೆ ಹಾಗೆ ನಿಂತಿತು ಎಂದು ಅಕ್ಕನ ಮಗಳು ಐದು ದಿನ ನನ್ನನ್ನು ಪೀಡಿಸಿದಳು, ನಾನು ಹೇಳಲಿಲ್ಲ. ಹತ್ತನೆಯ ಕಂತಿನಲ್ಲಿ ಒಂದು ಫೋನು ಕರೆ ಇದೆ. ಅದನ್ನು ಕೇಳಿದ ಮೇಲೆ ಅವಳು ಟಿವಿ ಆರಿಸದೆ, ಐದನೆಯ ಕಂತನ್ನು ಮತ್ತೆ ಹಾಕು ಮಾಮ ಎಂದಳು.